ಹಳೆಯ ‘ಗೋಲ್ಡನ್‌ಐ’ ಆಡುವಾಗ ಕೈ ಏಕೆ ತಡವರಿಸುತ್ತದೆ?

ಪ್ರಶ್ನೆ: ನನ್ನ ಸೋದರಮಾವ 1998ರಲ್ಲಿ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಗ ರೂಮಿನ ಗೆಳೆಯರ ಜೊತೆ ‘ಗೋಲ್ಡನ್‌ಐ 007’ ವಿಡಿಯೊ ಗೇಮ್ ಆಡುತ್ತಿದ್ದರಂತೆ. ಅಂಥ ಆಟ ಇನ್ನೊಂದಿಲ್ಲ ಎಂದು ಈಗಲೂ ಹೇಳುತ್ತಾರೆ. ಅವರ ಮಾತು ಕೇಳಿ ನಿಂಟೆಂಡೊ ಸ್ವಿಚ್‌ನಲ್ಲಿ ಆಡಿ ನೋಡಿದೆ. ಬಂದೂಕು ಅಂದುಕೊಂಡ ಕಡೆ ತಿರುಗುವುದಿಲ್ಲ, ಚಿತ್ರವೆಲ್ಲ ಮಬ್ಬು, ಆಟ ನಿಧಾನ, ಸತ್ತರೆ ಮತ್ತೆ ಮೊದಲಿನಿಂದ ಶುರು. ಯೂಟ್ಯೂಬಿನಲ್ಲಿ ನೋಡಿದ್ದು ಬೇರೆಯೇ ಥರ ಇತ್ತು, ಅದರಲ್ಲಿ ಡೇನಿಯಲ್ ಕ್ರೇಗ್ ಇದ್ದ. ನಾನು ಫೋನಿನಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಆಟವನ್ನು ಚೆನ್ನಾಗಿಯೇ ಆಡುತ್ತೇನೆ. ಆಟವೇ ಹಳತಾಗಿ ಕೆಟ್ಟಿದೆಯೋ, ನನಗೆ ಆಡಲು ಬರುತ್ತಿಲ್ಲವೋ, ಅಥವಾ ಮಾವನ ಹೊಗಳಿಕೆ ಬರೀ ಹಳೆಯ ನೆನಪಿನ ಮೋಹವೋ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹಳೆಯ ಸಿನಿಮಾ ನೋಡಿ ಹಿಡಿಸದಿದ್ದರೆ ಜನ ಹಾಗೆಂದು ಹೇಳಿಬಿಡುತ್ತಾರೆ. ಹಳೆಯ ಆಟ ಹಿಡಿಸದಿದ್ದರೆ ಮಾತ್ರ ತಮಗೇ ಏನೋ ಬರುತ್ತಿಲ್ಲ ಎಂದು ಸುಮ್ಮನಾಗುತ್ತಾರೆ. ನೀವು ಸುಮ್ಮನಾಗದೆ ಕೇಳಿದ್ದೀರಿ. ನಿಮ್ಮ ಕೈಗೆ ಏನೂ ಆಗಿಲ್ಲ, ಆಟವೂ ಕೆಟ್ಟಿಲ್ಲ. ನಿಮ್ಮ ಬೆರಳುಗಳು ಕಲಿತಿರುವ ಕ್ರಮವೊಂದು ಆ ಆಟ ಹುಟ್ಟಿದಾಗ ಇನ್ನೂ ರೂಢಿಗೆ ಬಂದಿರಲಿಲ್ಲ, ತೊಡಕಿನ ಬಹುಪಾಲು ಅಲ್ಲಿದೆ. ಮಾವನ ಹೊಗಳಿಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ಬೇರೆ ಉತ್ತರವಿದೆ.

ಮೊದಲು ಡೇನಿಯಲ್ ಕ್ರೇಗ್ ಗೊಂದಲವನ್ನು ಬಗೆಹರಿಸೋಣ. ‘ಗೋಲ್ಡನ್‌ಐ 007’ ಎಂಬ ಒಂದೇ ಹೆಸರಿನಲ್ಲಿ ಎರಡು ಆಟಗಳಿವೆ. ನಿಮ್ಮ ಮಾವ ಆಡಿದ್ದು 1997ರ ಆಗಸ್ಟ್‌ನಲ್ಲಿ ನಿಂಟೆಂಡೊ 64 ಎಂಬ ಯಂತ್ರಕ್ಕೆ ಬಂದದ್ದು. ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ರೇರ್ ಕಂಪನಿ ಅದನ್ನು ಮಾಡಿತು. ಅದರಲ್ಲಿ ಜೇಮ್ಸ್ ಬಾಂಡ್‌ನ ಮುಖ ಪಿಯರ್ಸ್ ಬ್ರಾಸ್ನನ್‌ರದು, ಏಕೆಂದರೆ ಆಟಕ್ಕೆ ಆಧಾರವಾದ 1995ರ ‘ಗೋಲ್ಡನ್‌ಐ’ ಸಿನಿಮಾದ ನಾಯಕ ಅವರೇ. 2010ರಲ್ಲಿ ಬೇರೊಂದು ತಂಡ ಅದೇ ಹೆಸರಿಟ್ಟು, ಕಥೆಯನ್ನು ಹೊಸ ಕಾಲಕ್ಕೆ ತಿದ್ದಿ, ಡೇನಿಯಲ್ ಕ್ರೇಗ್‌ರನ್ನು ಹಾಕಿ ಇನ್ನೊಂದು ಆಟ ಮಾಡಿತು. ಆಡುವ ರೀತಿಯಲ್ಲಿ ಅದು ಇಂದಿನ ಆಟಗಳ ಬಳಗಕ್ಕೆ ಸೇರಿದ್ದು. ಅದನ್ನು ನೋಡಿ ಇದನ್ನು ಆಡಲು ಕೂತವರಿಗೆ ನಿರಾಸೆಯಾಗುವುದು ಸಹಜ. ಸ್ವಿಚ್‌ಗೆ 2023ರ ಜನವರಿಯಲ್ಲಿ ಬಂದು ಈಗ ನಿಮ್ಮ ಕೈಯಲ್ಲಿರುವುದು 1997ರ ಮೂಲ ಆಟವೇ.

ಇನ್ನು ಕೈಯ ವಿಷಯ. ಬಿಜಿಎಂಐ ಆಡುವಾಗ ನಿಮ್ಮ ಎಡ ಹೆಬ್ಬೆರಳು ಆಟಗಾರನನ್ನು ನಡೆಸುತ್ತದೆ, ಬಲ ಹೆಬ್ಬೆರಳು ಅವನ ನೋಟವನ್ನು ತಿರುಗಿಸುತ್ತದೆ. ಕಾಲಿಗೊಂದು ಬೆರಳು, ಕಣ್ಣಿಗೊಂದು ಬೆರಳು. ಕನ್ಸೋಲ್‌ಗಳಲ್ಲೂ ಇಂದು ಇದೇ ಕ್ರಮ: ಕಂಟ್ರೋಲರ್‌ನ ಎಡ ಸ್ಟಿಕ್ ನಡೆಯಲು, ಬಲ ಸ್ಟಿಕ್ ನೋಡಲು. ಇದು ಮೊದಲಿನಿಂದಲೂ ಹೀಗೇ ಇತ್ತು ಎಂದು ನಮಗೆ ಅನ್ನಿಸುವಷ್ಟು ರೂಢಿಯಾಗಿಬಿಟ್ಟಿದೆ. ಆದರೆ ನಿಂಟೆಂಡೊ 64ರ ಕಂಟ್ರೋಲರ್‌ನಲ್ಲಿ ಇದ್ದದ್ದೇ ಒಂದು ಸ್ಟಿಕ್. ಅದರ ಬಲಕ್ಕೆ ‘ಸಿ’ ಎಂದು ಕರೆಯುವ ನಾಲ್ಕು ಹಳದಿ ಬಟನ್‌ಗಳು, ಅಡಿಯಲ್ಲಿ ತೋರುಬೆರಳಿಗೆ ಸಿಗುವ ‘ಝಡ್’ ಟ್ರಿಗರ್. ಮಾರಿಯೊನಂಥ ಒಂದು ಪಾತ್ರವನ್ನು ಮೂರು ಆಯಾಮದ ಬಯಲಿನಲ್ಲಿ ಓಡಿಸಲು ಹೇಳಿ ಮಾಡಿಸಿದ ಸಾಧನವದು. ಬಾಂಡ್‌ನ ಕಣ್ಣಿನಿಂದಲೇ ಲೋಕವನ್ನು ನೋಡುತ್ತ ಗುಂಡು ಹಾರಿಸುವ ಆಟಕ್ಕೆ ಅದನ್ನು ಹೊಂದಿಸುವುದು ರೇರ್ ತಂಡದ ಪಾಲಿಗೆ ಬಂದ ಕೆಲಸ.

ತಂಡ ಹೀಗೆ ಹೊಂದಿಸಿತು. ಸ್ಟಿಕ್ಕನ್ನು ಮುಂದೆ ಒತ್ತಿದರೆ ಬಾಂಡ್ ಮುಂದೆ ನಡೆಯುತ್ತಾನೆ, ಪಕ್ಕಕ್ಕೆ ಒತ್ತಿದರೆ ಅವನ ದೇಹವೇ ಆ ಕಡೆ ತಿರುಗುತ್ತದೆ. ಮುಖ ತಿರುಗಿಸದೆ ಪಕ್ಕಕ್ಕೆ ಸರಿಯಲು ಎಡ-ಬಲದ ಸಿ ಬಟನ್‌ಗಳು. ಮೇಲೆ ಕೆಳಗೆ ನೋಡಲು ಉಳಿದೆರಡು ಸಿ ಬಟನ್‌ಗಳು. ಅಂದರೆ ನಡಿಗೆಯಲ್ಲಿ ಅರ್ಧ ಎಡಗೈಗೆ, ಅರ್ಧ ಬಲಗೈಗೆ. ನೋಟವೂ ಹಾಗೆಯೇ ಪಾಲಾಗಿದೆ. ಸ್ವಿಚ್‌ನಲ್ಲಿ ಆ ಸಿ ಬಟನ್‌ಗಳ ಕೆಲಸ ಬಲ ಸ್ಟಿಕ್ಕಿಗೆ ಬಂದಿದೆ. ನಿಮಗೆ ಎರಡು ಸ್ಟಿಕ್ ಕಾಣುತ್ತವೆ, ಕೈ ತನ್ನ ಅಭ್ಯಾಸದಂತೆ ಬಲ ಸ್ಟಿಕ್ಕನ್ನು ಪಕ್ಕಕ್ಕೆ ಒತ್ತುತ್ತದೆ, ಬಾಂಡ್ ತಿರುಗುವ ಬದಲು ಏಡಿಯಂತೆ ಪಕ್ಕಕ್ಕೆ ಸರಿಯುತ್ತಾನೆ. ಬಂದೂಕು ಅಂದುಕೊಂಡ ಕಡೆ ತಿರುಗುವುದಿಲ್ಲ ಎಂದು ನೀವು ಬರೆದದ್ದು ಇದನ್ನೇ ಇರಬೇಕು.

ಹಾಗಾದರೆ ಎರಡು ಸ್ಟಿಕ್ಕಿನ ಕ್ರಮ ಆ ತಂಡಕ್ಕೆ ಹೊಳೆದೇ ಇರಲಿಲ್ಲವೇ? ಹೊಳೆದಿತ್ತು. ಆಟದ ಆಯ್ಕೆಗಳಲ್ಲಿ ಎಂಟು ಬಗೆಯ ನಿಯಂತ್ರಣಗಳಿವೆ. ಕೊನೆಯ ನಾಲ್ಕರಲ್ಲಿ ಒಬ್ಬನೇ ಆಟಗಾರ ಕೈಗೊಂದರಂತೆ ಎರಡು ಕಂಟ್ರೋಲರ್ ಹಿಡಿದು, ಎರಡು ಸ್ಟಿಕ್‌ಗಳಿಂದ ಆಡಬಹುದು. 1997ರಲ್ಲೇ ಇದು ಮೆನುವಿನಲ್ಲಿತ್ತು ಎಂಬುದು ನನಗೆ ಇಂದಿಗೂ ಆಶ್ಚರ್ಯ. 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಏಲಿಯನ್ ರಿಸರೆಕ್ಷನ್’ ಇಂದಿನ ಕ್ರಮವನ್ನೇ ಒಂದು ಕಂಟ್ರೋಲರ್‌ನಲ್ಲಿ ತಂದಿತು. ಆಗಿನ ಒಂದು ಹೆಸರಾಂತ ವಿಮರ್ಶೆ ಆ ನಿಯಂತ್ರಣವನ್ನೇ ದೊಡ್ಡ ದೋಷವೆಂದು ದೂರಿತು! 2001ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಜೊತೆ ‘ಹೇಲೊ’ ಬಂದು ಗೆದ್ದ ಮೇಲೆ ಆ ಕ್ರಮ ಎಲ್ಲರ ಕೈಗೂ ಹತ್ತಿತು. ನೀವು ಗೋಲ್ಡನ್‌ಐ ಆಡಿ ತಡವರಿಸಿದಂತೆಯೇ, ಗೋಲ್ಡನ್‌ಐ ಆಡಿ ಬೆಳೆದವರು ಹೊಸ ಕ್ರಮಕ್ಕೆ ಬಂದಾಗ ತಡವರಿಸಿದ್ದರು.

ಇಲ್ಲೊಂದು ಮುಖ್ಯ ಸಂಗತಿಯಿದೆ. ನಿಯಂತ್ರಣ ಇಷ್ಟು ತೊಡಕಿನದು ಎಂದು ತಂಡಕ್ಕೆ ಗೊತ್ತಿತ್ತು. ಆದ್ದರಿಂದ ಗುರಿ ಹಿಡಿಯುವ ಹೊರೆಯನ್ನು ಆಟವೇ ಅರ್ಧ ಹೊತ್ತುಕೊಂಡಿತು. ವೈರಿ ಸುಮಾರಾಗಿ ಎದುರಿಗೆ ಬಂದರೆ ಸಾಕು, ಬಾಂಡ್‌ನ ಬಂದೂಕು ತಾನಾಗಿ ಅವನ ಕಡೆ ವಾಲುತ್ತದೆ. ನೀವು ದೇಹವನ್ನು ತಿರುಗಿಸಿ ಟ್ರಿಗರ್ ಒತ್ತಿದರೆ ಆಯಿತು. ತಲೆಗೋ ಕೈಗೋ ಬೀಗಕ್ಕೋ ನಿಖರವಾಗಿ ಹೊಡೆಯಬೇಕಾದಾಗ ಆರ್ ಬಟನ್ ಒತ್ತಿ ಹಿಡಿಯಬೇಕು. ಆಗ ಗುರಿಯ ಗುರುತು ಪರದೆಯ ಮೇಲೆ ಮೂಡುತ್ತದೆ, ಬಾಂಡ್ ನಿಂತಲ್ಲೇ ನಿಲ್ಲುತ್ತಾನೆ, ಸ್ಟಿಕ್ ಆ ಗುರುತನ್ನಷ್ಟೇ ಓಡಿಸುತ್ತದೆ. ಈ ಯೋಚನೆ ಬಂದದ್ದು ಸೆಗಾ ಕಂಪನಿಯ ‘ವರ್ಚುವಾ ಕಾಪ್’ ಎಂಬ ಆರ್ಕೇಡ್ ಆಟದಿಂದ ಎಂದು ತಂಡದ ಮುಖ್ಯಸ್ಥ ಮಾರ್ಟಿನ್ ಹಾಲಿಸ್ ಹೇಳಿದ್ದಾರೆ. ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ಪರದೆಗೆ ಗುರಿಯಿಡುವ ಆಟವದು. ಗೋಲ್ಡನ್‌ಐ ಕೂಡ ಮೊದಲ ಹಂತದಲ್ಲಿ ಹಾಗೆಯೇ ಹಳಿಯ ಮೇಲೆ ಸಾಗುತ್ತ ಗುಂಡು ಹಾರಿಸುವ ಆಟವಾಗಬೇಕಿತ್ತು. ಸ್ವತಂತ್ರವಾಗಿ ಓಡಾಡುವ ಅವಕಾಶ ಆಮೇಲೆ ಸೇರಿತು. ಆ ಹಳೆಯ ಗುಣ ಆಟದಲ್ಲಿ ಉಳಿದುಕೊಂಡಿದೆ. ಇಲ್ಲಿ ಓಡುತ್ತ ಗುರಿ ಹಿಡಿಯುವುದಿಲ್ಲ. ಓಡು, ನಿಲ್ಲು, ಗುರಿಯಿಡು, ಹೊಡೆ, ಮತ್ತೆ ಓಡು ಎನ್ನುವುದು ಇದರ ಲಯ. ಮೂಲೆಗಳು, ಬಾಗಿಲುಗಳು, ಕಾವಲುಗಾರರು ನಿಂತಿರುವ ದೂರ ಎಲ್ಲವೂ ಈ ಲಯಕ್ಕೆ ತಕ್ಕಂತೆ ಇವೆ. ಬಿಜಿಎಂಐ ಲಯದಲ್ಲಿ ಜಿಗಿಯುತ್ತ ಸುತ್ತುತ್ತ ಆಡಲು ಹೋದರೆ ಆಟ ನಿಮ್ಮನ್ನು ಎಳೆದು ನಿಲ್ಲಿಸುತ್ತದೆ. ಅಂದಹಾಗೆ, ಇಲ್ಲಿ ಜಿಗಿಯುವ ಬಟನ್ನೇ ಇಲ್ಲ.

ಮಬ್ಬು ಮತ್ತು ನಿಧಾನದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಆ ಯಂತ್ರದ ಮೆಮೊರಿ 4 ಎಂಬಿ. ಗೋಡೆ, ನೆಲ, ಮುಖಗಳ ಮೇಲೆ ಹಚ್ಚುವ ಚಿತ್ರಗಳಿಗೆ ಒಂದು ಸಲಕ್ಕೆ ಸಿಗುತ್ತಿದ್ದ ಜಾಗ ಬರೀ 4 ಕೆಬಿ. ಇಡೀ ಆಟ 12 ಎಂಬಿಯ ಕಾರ್ಟ್ರಿಜ್‌ನಲ್ಲಿ ಕೂತಿತ್ತು. ನಿಮ್ಮ ಫೋನ್ ತೆಗೆಯುವ ಮೂರ್ನಾಲ್ಕು ಫೋಟೊಗಳಿಗೆ ಅಷ್ಟು ಜಾಗ ಬೇಕಾಗುತ್ತದೆ. ಚಿಕ್ಕ ಚಿತ್ರವನ್ನು ಎಳೆದು ದೊಡ್ಡದು ಮಾಡಿ, ಅಂಚು ಕಾಣದಂತೆ ಹರಡುತ್ತಿದ್ದರು. ಹಳೆಯ ಪಿಕ್ಚರ್ ಟ್ಯೂಬಿನ ಟೀವಿಯಲ್ಲಿ ಅದು ಮೆತ್ತಗೆ ಕಾಣುತ್ತಿತ್ತು, ಇಂದಿನ ಚಪ್ಪಟೆ ಪರದೆಯಲ್ಲಿ ಒರೆಸಿದಂತೆ ಕಾಣುತ್ತದೆ. ಇನ್ನು ವೇಗ: ಇಂದಿನ ಆಟಗಳು ಸೆಕೆಂಡಿಗೆ 60 ಚಿತ್ರ ತೋರಿಸಿದರೆ, ನಿಂಟೆಂಡೊ 64ರಲ್ಲಿ ಈ ಆಟ ಸ್ಫೋಟಗಳ ನಡುವೆ 20ಕ್ಕಿಂತ ಕೆಳಗೆ ಇಳಿಯುತ್ತಿತ್ತು. ನಿಮ್ಮ ಸ್ವಿಚ್ ಕೆಟ್ಟಿದೆಯೇನೋ ಎಂಬ ಅನುಮಾನವಿದ್ದರೆ ಬಿಟ್ಟುಬಿಡಿ.

ಸತ್ತರೆ ಮೊದಲಿನಿಂದ ಶುರುವಾಗುವುದು ಬೇಸರ ತರುತ್ತದೆ, ಒಪ್ಪುತ್ತೇನೆ. ಇಲ್ಲಿ ನಡುವೆ ಉಳಿಸಿಕೊಳ್ಳುವ ಜಾಗಗಳಿಲ್ಲ. ಬಚ್ಚಿಟ್ಟುಕೊಂಡು ಕೂತರೆ ಆರೋಗ್ಯ ಮರಳಿ ಬರುವುದಿಲ್ಲ, ಔಷಧದ ಪೆಟ್ಟಿಗೆಯೂ ಇಲ್ಲ. ಸಿಗುವುದು ಅಲ್ಲೊಂದು ಇಲ್ಲೊಂದು ರಕ್ಷಾಕವಚ ಅಷ್ಟೇ. ಆದರೆ ಒಂದೊಂದು ಮಿಷನ್ ಚಿಕ್ಕದು. ದಾರಿ ಗೊತ್ತಾದವರಿಗೆ ಹಲವು ಮಿಷನ್‌ಗಳು ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತವೆ. ಮತ್ತೆ ಮತ್ತೆ ಆಡಿ ಒಂದು ಜಾಗವನ್ನು ಕರತಲಾಮಲಕ ಮಾಡಿಕೊಳ್ಳಲಿ ಎಂಬುದೇ ಮಾಡಿದವರ ಉದ್ದೇಶ. ಇದಕ್ಕೆ ಆಟದಲ್ಲೇ ಬಹುಮಾನವಿದೆ: ‘ಫೆಸಿಲಿಟಿ’ ಎಂಬ ಎರಡನೆಯ ಮಿಷನ್ನನ್ನು ಅತಿ ಕಷ್ಟದ ‘00 ಏಜೆಂಟ್’ ಮಟ್ಟದಲ್ಲಿ 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಿದರೆ ಸಾವೇ ಇಲ್ಲದೆ ಆಡುವ ಸೌಲಭ್ಯ ಸಿಗುತ್ತದೆ. ಅದೇ ಮಿಷನ್‌ನಲ್ಲಿ ಹುಡುಕಬೇಕಾದ ಡಾಕ್ಟರ್ ಡೋಕ್ ಎಂಬ ವಿಜ್ಞಾನಿ ಪ್ರತಿ ಸಲ ಬೇರೆ ಬೇರೆ ಕಡೆ ನಿಂತಿರುತ್ತಾನೆ. ಗಡಿಯಾರದ ಮೇಲೆ ಕಣ್ಣಿಟ್ಟು ಓಡುವವರ ಪ್ರಾಣ ಹಿಂಡಿದ ಪಾತ್ರವದು. ಆ ಹೆಸರು ತಂಡದಲ್ಲಿದ್ದ ಡೇವಿಡ್ ಡೋಕ್ ಅವರದೇ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ. ಇಷ್ಟೆಲ್ಲ ತೊಡಕಿದ್ದೂ ಇದನ್ನು ಇಂದು ಏಕೆ ಆಡಬೇಕು? ಜಾಗಗಳಿಗಾಗಿ ಮತ್ತು ಅಲ್ಲಿ ಮಾಡುವ ಕೆಲಸಗಳಿಗಾಗಿ ಎನ್ನುತ್ತೇನೆ.

ಇದಕ್ಕೆ ಮುಂಚೆಯೂ ಕನ್ಸೋಲ್‌ಗಳಲ್ಲಿ ಇಂಥ ಶೂಟರ್‌ಗಳು ಬಂದಿದ್ದವು. ‘ವುಲ್ಫೆನ್‌ಸ್ಟೀನ್ 3ಡಿ’, ‘ಡೂಮ್’ ಎರಡೂ ಕಂಪ್ಯೂಟರಿನಿಂದ ಅಲ್ಲಿಗೆ ಇಳಿದು ಬಂದವು. ಅವುಗಳಲ್ಲಿ ಜಾಗವೆಂದರೆ ಚಕ್ರವ್ಯೂಹ: ಬೀಗದ ಕೈ ಹುಡುಕು, ಎದುರಾದದ್ದನ್ನು ಕೊಲ್ಲು, ಹೊರಬೀಳು. ಗೋಲ್ಡನ್‌ಐ ತಂಡ ಬೇರೆ ದಾರಿ ಹಿಡಿಯಿತು. ಸಿನಿಮಾದ ಚಿತ್ರೀಕರಣ ನಡೆಯುತ್ತಿದ್ದ ಲೀವ್ಸ್‌ಡನ್ ಸ್ಟುಡಿಯೊಗೆ ಹೋಗಿ ಸೆಟ್‌ಗಳ ಫೋಟೊ, ನಕ್ಷೆಗಳನ್ನು ತಂದರು. ಮೊದಲು ಜಾಗವನ್ನು ಕಟ್ಟಿದರು, ಬಾಂಡ್ ಅಲ್ಲಿ ಏನು ಮಾಡಬೇಕು ಎಂಬುದನ್ನು ಆಮೇಲೆ ಯೋಚಿಸಿದರು. ಆಟ ಕಟ್ಟುವ ಸಾಮಾನ್ಯ ಕ್ರಮಕ್ಕೆ ಇದು ತಿರುಗುಮುರುಗು. ಅದರಿಂದ ಒಂದು ಲಾಭವಾಯಿತು: ಯಾವ ಉಪಯೋಗವೂ ಇಲ್ಲದ ಕೋಣೆಗಳು, ಎಲ್ಲಿಗೂ ಹೋಗದ ಓಣಿಗಳು ಉಳಿದವು, ನಿಜವಾದ ಕಟ್ಟಡದಲ್ಲಿ ಇರುವ ಹಾಗೆ. ಮೊದಲ ಮಿಷನ್ ‘ಡ್ಯಾಮ್’ನಲ್ಲಿ ಸ್ನೈಪರ್ ರೈಫಲ್ ಸಿಕ್ಕಾಗ ಅದರ ದೂರದರ್ಶಕದಿಂದ ನೀರಿನಾಚೆ ನೋಡಿ. ಅಲ್ಲೊಂದು ದ್ವೀಪವಿದೆ. ಅಲ್ಲಿಗೆ ಹೋಗಲು ಆಗುವುದಿಲ್ಲ, ಹಿಂದೆ ಯಾವುದೋ ಯೋಜನೆಯಿದ್ದು ಕೈಬಿಟ್ಟದ್ದು. ಎಷ್ಟೋ ಮಕ್ಕಳು ಆ ದ್ವೀಪವನ್ನು ಮುಟ್ಟುವ ದಾರಿ ಹುಡುಕಿ ರಜೆ ಕಳೆದಿದ್ದಾರೆ.

ಕಷ್ಟದ ಮಟ್ಟ ಏರಿದಂತೆ ವೈರಿಗಳು ಬಲವಾಗುವುದಷ್ಟೇ ಅಲ್ಲ, ಮಾಡಬೇಕಾದ ಕೆಲಸಗಳೂ ಸೇರುತ್ತ ಹೋಗುತ್ತವೆ. ‘ಏಜೆಂಟ್’ ಎಂಬ ಸುಲಭ ಮಟ್ಟದಲ್ಲಿ ಅದೇ ಡ್ಯಾಮಿನ ತುದಿಗೆ ಹೋಗಿ ಹಗ್ಗ ಕಟ್ಟಿಕೊಂಡು ಹಾರಿದರೆ ಮುಗಿಯಿತು. ಮೇಲಿನ ಮಟ್ಟಗಳಲ್ಲಿ ಎಚ್ಚರಿಕೆಯ ಗಂಟೆಗಳನ್ನೆಲ್ಲ ಒಡೆಯಬೇಕು, ಗುಟ್ಟಾಗಿ ಮೋಡೆಮ್ ಅಂಟಿಸಬೇಕು, ಕಂಪ್ಯೂಟರಿನಿಂದ ಮಾಹಿತಿ ಕದಿಯಬೇಕು. ಮೊದಲ ಸಲ ಓಡಿ ದಾಟಿದ ಕೋಣೆಗೆ ಎರಡನೆಯ ಸಲ ಕೆಲಸವಿರುತ್ತದೆ. ಒಂದೇ ಜಾಗದಲ್ಲಿ ಹಲವು ಕೆಲಸ ಕೊಡುವ ಈ ಬಗೆಯನ್ನು ‘ಸೂಪರ್ ಮಾರಿಯೊ 64’ ನೋಡಿ ತಂಡ ಕಲಿತದ್ದು.

ಕಾವಲುಗಾರರನ್ನೂ ಗಮನಿಸಿ. ಕಾಲಿಗೆ ಗುಂಡು ತಗಲಿದರೆ ಕುಂಟುತ್ತಾರೆ, ಕೈಗೆ ತಗಲಿದರೆ ಕೈ ಹಿಡಿದುಕೊಳ್ಳುತ್ತಾರೆ, ಟೋಪಿಗೆ ಹೊಡೆದರೆ ಟೋಪಿ ಹಾರುತ್ತದೆ. ಸದ್ದಿಲ್ಲದ ಪಿಪಿ7 ಪಿಸ್ತೂಲಿನಿಂದ ಒಬ್ಬನನ್ನು ಕೆಡವಿದರೆ ಪಕ್ಕದ ಕೋಣೆಯವನು ಹಾಗೇ ನಿಂತಿರುತ್ತಾನೆ. ಮಷೀನ್‌ಗನ್ ಹಾರಿಸಿದರೆ ಸುತ್ತಲಿನವರೆಲ್ಲ ಓಡಿ ಬರುತ್ತಾರೆ. ವಿಜ್ಞಾನಿಗಳನ್ನು ಬೇಕಾಬಿಟ್ಟಿ ಕೊಂದರೆ ಮಿಷನ್ನೇ ಸೋತಂತೆ. ಎದುರಾದವರನ್ನೆಲ್ಲ ಕೊಲ್ಲುವುದೇ ಆಟ ಎಂಬಲ್ಲಿಂದ, ಎಷ್ಟು ಸದ್ದು ಮಾಡಬೇಕು, ಯಾರನ್ನು ಬಿಡಬೇಕು ಎಂದು ಯೋಚಿಸುವಲ್ಲಿಗೆ ಆಟಗಾರನನ್ನು ತಂದದ್ದು ದೊಡ್ಡ ಹೆಜ್ಜೆ. ಇದನ್ನು ಮಾಡಿದ್ದು ಸುಮಾರು ಹತ್ತು ಜನರ ತಂಡ, ಅವರಲ್ಲಿ ಬಹುತೇಕರಿಗೆ ಅದೇ ಮೊದಲ ಆಟ. ಕಾವಲುಗಾರರ ಮುಖಗಳಲ್ಲಿ ಹಲವು ಆ ತಂಡದವರವೇ.

ಇನ್ನು ನಿಮ್ಮ ಮಾವನ ಮಾತು. ಅದನ್ನು ಮೋಹವೆಂದು ತಳ್ಳಿಹಾಕಬೇಡಿ. ಆದರೆ ಅವರು ಹೊಗಳುತ್ತಿರುವುದು ನೀವು ಒಬ್ಬರೇ ಕೂತು ಆಡಿದ ಭಾಗವನ್ನಲ್ಲ ಎಂದು ನನ್ನ ಊಹೆ. ‘ರೂಮಿನ ಗೆಳೆಯರ ಜೊತೆ’ ಎಂದು ನೀವೇ ಬರೆದಿದ್ದೀರಿ. ನಿಂಟೆಂಡೊ 64ರ ಮುಂಭಾಗದಲ್ಲಿ ನಾಲ್ಕು ಕಂಟ್ರೋಲರ್ ಸಿಕ್ಕಿಸುವ ಜಾಗವಿತ್ತು. ಅದೇ ಕಾಲದ ಪ್ಲೇಸ್ಟೇಷನ್‌ನಲ್ಲಿ ಎರಡೇ. ಟೀವಿಯನ್ನು ನಾಲ್ಕು ಪಾಲು ಮಾಡಿ ನಾಲ್ವರು ಒಬ್ಬರನ್ನೊಬ್ಬರು ಬೇಟೆಯಾಡುವ ಭಾಗವನ್ನು ಸ್ಟೀವ್ ಎಲ್ಲಿಸ್ ಎಂಬ ತಂಡದ ಸದಸ್ಯ ಕೊನೆಯ ತಿಂಗಳುಗಳಲ್ಲಿ ಸೇರಿಸಿದರು. ಅದು ಮೊದಲ ಯೋಜನೆಯಲ್ಲಿ ಇರಲೇ ಇಲ್ಲ. 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಆ ಆಟವನ್ನು ಹಾಸ್ಟೆಲ್ ಕೋಣೆಗಳಲ್ಲಿ ವರ್ಷಗಟ್ಟಲೆ ಉಳಿಸಿದ್ದು ಈ ಭಾಗ. ಎದುರಾಳಿ ಎಲ್ಲಿದ್ದಾನೆಂದು ಅವನ ಪಾಲಿನ ಪರದೆಯನ್ನು ಕದ್ದು ನೋಡಬಹುದು, ನೋಡಿದವನನ್ನು ಪಕ್ಕದವನು ಮೊಣಕೈಯಿಂದ ತಿವಿಯಬಹುದು. ಎಲ್ಲರ ಕೈಗೂ ಅದೇ ಒಂದು ಸ್ಟಿಕ್, ಎಲ್ಲರಿಗೂ ಅದೇ ತೊಡಕು. ಹೀಗಾಗಿ ನಿಮ್ಮನ್ನು ಕಾಡಿದ ನಿಯಂತ್ರಣ ಅಲ್ಲಿ ಯಾರನ್ನೂ ಕಾಡುವುದಿಲ್ಲ.

ನೀವು ಮತ್ತೊಮ್ಮೆ ಆಡುವುದಾದರೆ ನನ್ನ ಸಲಹೆ ಇದು. ಮೊದಲ ಎರಡು ಮಿಷನ್‌ಗಳನ್ನು ‘ಏಜೆಂಟ್’ ಮಟ್ಟದಲ್ಲಿ, ಮೂಲ ನಿಯಂತ್ರಣದಲ್ಲೇ ಆಡಿ. ಬಲ ಸ್ಟಿಕ್ಕನ್ನು ಪಕ್ಕಕ್ಕೆ ಸರಿಯಲು ಮಾತ್ರ ಬಳಸಿ, ತಿರುಗುವುದನ್ನು ಎಡಕ್ಕೆ ಬಿಡಿ, ನಿಂತು ಆರ್ ಒತ್ತಿ ಗುರಿ ಹಿಡಿಯುವುದನ್ನು ರೂಢಿಸಿಕೊಳ್ಳಿ. ಫೆಸಿಲಿಟಿಯ ಶೌಚಾಲಯದ ಮೇಲಿನ ಗಾಳಿಕೊಳವೆಯಿಂದ ಇಳಿಯುವ ಹೊತ್ತಿಗೆ ಕೈ ಒಗ್ಗಿಕೊಂಡಿರುತ್ತದೆ. ಆಗಲೂ ಒಗ್ಗದಿದ್ದರೆ ಆಟವನ್ನು ನಿಲ್ಲಿಸಿ. ಬಾಂಡ್ ತನ್ನ ಕೈಗಡಿಯಾರ ಎತ್ತಿ ನೋಡುತ್ತಾನೆ, ಆಯ್ಕೆಗಳೆಲ್ಲ ಅದರಲ್ಲೇ ಇವೆ. ನಿಯಂತ್ರಣವನ್ನು ‘1.2 ಸಾಲಿಟೇರ್’ ಎಂದು ಬದಲಿಸಿ. ಇದರಲ್ಲಿ ನೋಟವೆಲ್ಲ ಎಡ ಸ್ಟಿಕ್ಕಿಗೆ, ನಡಿಗೆಯೆಲ್ಲ ಬಲಕ್ಕೆ ಹೋಗುತ್ತದೆ. ಆಮೇಲೆ ಸ್ವಿಚ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಸ್ಟಿಕ್‌ಗಳನ್ನು ಅದಲುಬದಲು ಮಾಡಿದರೆ ನಿಮಗೆ ಗೊತ್ತಿರುವ ಕ್ರಮವೇ ಬರುತ್ತದೆ. ಬೇರೆ ಆಟಕ್ಕೆ ಹೋಗುವ ಮುನ್ನ ಅದನ್ನು ಮತ್ತೆ ಸರಿಪಡಿಸಲು ಮರೆಯಬೇಡಿ. ಗೆಳೆಯರ ಮನೆಯಲ್ಲಿ ಎಕ್ಸ್‌ಬಾಕ್ಸ್ ಇದ್ದರೆ, ಅದಕ್ಕೆ ಬಂದ ಆವೃತ್ತಿಯಲ್ಲಿ ಈ ತಾಪತ್ರಯವಿಲ್ಲ, ಎರಡು ಸ್ಟಿಕ್ಕಿನ ಕ್ರಮ ಅದರಲ್ಲೇ ಇದೆ, ಚಿತ್ರವೂ ಚೊಕ್ಕಟ. ಆದರೆ ಅದರಲ್ಲಿ ದೂರದವರೊಂದಿಗೆ ಆನ್‌ಲೈನ್ ಆಡಲು ಆಗುವುದಿಲ್ಲ.

ಸ್ವಿಚ್‌ನಲ್ಲಿ ಆಗುತ್ತದೆ. ಮಾವನ ಬಳಿಯೂ ಸ್ವಿಚ್ ಮತ್ತು ಈ ಆಟಕ್ಕಾಗಿ ನೀವು ಪಡೆದಿರುವ ಆನ್‌ಲೈನ್ ಸದಸ್ಯತ್ವ ಇದ್ದರೆ ಅವರು ಅಮೆರಿಕದಲ್ಲೇ ಇದ್ದರೂ ನೀವಿಬ್ಬರೂ ಒಟ್ಟಿಗೆ ಆಡಬಹುದು, ನಾಲ್ವರವರೆಗೂ ಸೇರಬಹುದು. ಶುರುಮಾಡುವ ಮುನ್ನ ಆಡ್‌ಜಾಬ್ ಎಂಬ ಪಾತ್ರವನ್ನು ಯಾರೂ ಆರಿಸಿಕೊಳ್ಳಬಾರದು ಎಂದು ಕರಾರು ಮಾಡಿಕೊಳ್ಳಿ. ಅವನು ಉಳಿದವರಿಗಿಂತ ಗಿಡ್ಡ, ನೇರಕ್ಕೆ ಹಾರಿಸಿದ ಗುಂಡು ಅವನ ತಲೆಯ ಮೇಲಿಂದ ಹೋಗಿಬಿಡುತ್ತದೆ. ಈ ಕರಾರು 1998ರಲ್ಲೂ ಇತ್ತೇ ಎಂದು ನಿಮ್ಮ ಮಾವನನ್ನೇ ಕೇಳಿ ನೋಡಿ.